ಜಗಲಿಗೆ ಬಲೆ ಕಟ್ಟಿದ ಮಳೆಗಾಲ

ಮೊನ್ನೆ ನಮ್ಮ ಮನೆಯವರು ಬಸಳೆ ಚಪ್ಪರಕ್ಕೆಂದು ಒಂದು ಹಳೆಯ ಮೀನುಬಲೆ ತಂದರು. ಹಳದೀಪುರದಲ್ಲಿ ಇದೇನು ಹೊಸ ಸಂಗತಿಯಲ್ಲ. ಕೋಳಿ ಸಾಕಿದ ಮನೆಯಲ್ಲಿ ಬಸಳೆ ಉಳಿಯಬೇಕಾದರೆ ಬಲೆಯೇ ಗತಿ. ಗೋಣಿಚೀಲದ ಬಾಯಿ ಬಿಚ್ಚಿ ಅಂಗಳಕ್ಕೆ ಸುರಿದರು. ಹಸಿರು ನೈಲಾನು, ಅಲ್ಲಲ್ಲಿ ಸಿಕ್ಕಿಕೊಂಡ ಚಿಪ್ಪಿನ ಚೂರು, ಜೊತೆಗೆ ಆ ವಾಸನೆ. ಉಪ್ಪು, ಒಣಮೀನು, ಮಳೆಯಲ್ಲಿ ಒಣಗದೆ ಉಳಿದ ಬಟ್ಟೆ, ಮೂರೂ ಸೇರಿದರೆ ಹೇಗೋ ಹಾಗೆ. ನಾನು ಅಕ್ಕಿ ಕೇರುತ್ತಿದ್ದವಳು ಮೊರ ಅಲ್ಲೇ ಇಟ್ಟು ಒಳಗೆ ಎದ್ದು ಹೋದೆ.

“ಎಂತ ಆತು? ಬಲೆ ಎಂತ ಕಚ್ತದ್ಯಾ?” ಎಂದರು ಇವರು.

ಕಚ್ಚುವುದಿಲ್ಲ. ಆದರೆ ಒಂದು ಮಳೆಗಾಲ ನಾನು ಬಲೆಯ ಒಳಗೆ ಕೂತು ಪಾಠ ಮಾಡಿದವಳು. ಯಾರಿಗಾದರೂ ಹೇಳಿದರೆ ನಗುತ್ತಾರೆ. ಆಗ ನಾವೂ ಸ್ವಲ್ಪ ದಿನ ನಕ್ಕಿದ್ದೆವು.

ಕಾಸರಕೋಡದ ಆಸುಪಾಸಿನ ಒಂದು ಶಾಲೆ ಎಂದಿಟ್ಟುಕೊಳ್ಳಿ, ಹೆಸರು ಬೇಡ. ಜಗಲಿಯಲ್ಲಿ ನಿಂತರೆ ಎದುರಿಗೇ ಶರಾವತಿ ಸಮುದ್ರ ಸೇರುವ ಅಳಿವೆ, ನೀರಿನಾಚೆ ಮಾವಿನಕುರ್ವೆಯ ತೆಂಗಿನ ತಲೆಗಳು. ಒಂದರಿಂದ ಐದರವರೆಗೆ ತರಗತಿ, ಕಲಿಸಲು ಇಬ್ಬರು: ಮುಖ್ಯೋಪಾಧ್ಯಾಯರಾದ ಗೋವಿಂದ ಮಾಸ್ತರರು ಮತ್ತು ನಾನು. ಆ ಬೇಸಿಗೆಯಲ್ಲಿ ನನಗೆ ಮನೆ ಹತ್ತಿರದ ಶಾಲೆಗೆ ವರ್ಗವಾಗಿತ್ತು. ಆದರೆ ನನ್ನ ಜಾಗಕ್ಕೆ ಇನ್ನೊಬ್ಬರು ಬರದೆ ನನ್ನನ್ನು ಬಿಡುವಂತಿಲ್ಲ, ಆ ಮೂಲೆಗೆ ಯಾರೂ ಬರುವಂತಿಲ್ಲ. ಹಾಗಾಗಿ ವರ್ಗಾವಣೆ ಆದೇಶವನ್ನು ಪರ್ಸಿನಲ್ಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ಅದೇ ಸೇತುವೆ ದಾಟಿ ಅದೇ ಶಾಲೆಗೆ ಹೋಗುತ್ತಿದ್ದೆ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಗೊತ್ತಾಗದೆ ಕಂಡಕ್ಟರನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಜೂನ್ ಮೊದಲ ಮಳೆಗೇ ಒಂದು ಕೋಣೆಯ ಮಾಡು ಸೋರಿ, ಐದೂ ತರಗತಿಯ ಮಕ್ಕಳನ್ನು ಉಳಿದ ಒಂದೇ ಹಾಲಿಗೆ ತುಂಬಿದೆವು. ಮೇಲೆ ತಗಡು. ಜೋರು ಮಳೆ ಬಂದರೆ ನನ್ನ ಮಾತು ನನಗೇ ಕೇಳಿಸುತ್ತಿರಲಿಲ್ಲ.

ಗೋವಿಂದ ಮಾಸ್ತರರ ಬಗ್ಗೆ ಒಂದು ಮಾತು ಹೇಳಲೇಬೇಕು. ನಿವೃತ್ತಿ ಹತ್ತಿರ ಬಂದ ಮನುಷ್ಯ, ಕುಮಟಾ ಕಡೆಯವರು, ಕಿಸೆಯಲ್ಲಿ ಸದಾ ಪೆಪ್ಪರಮಿಂಟು, ಬಾಯಲ್ಲಿ ಸದಾ ಶಿಸ್ತು. ಅವರ ಶಿಸ್ತಿನ ಕಿರೀಟ ಎಂದರೆ ‘ನಮಸ್ತೆ’. ಹೊರಗಿನವರು ಯಾರೇ ಹೊಸ್ತಿಲ ಮೇಲೆ ಕಾಲಿಟ್ಟರೂ ಸರಿ, ಅಧಿಕಾರಿಯೋ, ನರ್ಸಮ್ಮನೋ, ಗ್ಯಾಸ್ ಸಿಲಿಂಡರ್ ಹೊತ್ತು ತಂದವನೋ, ಅಷ್ಟೂ ಮಕ್ಕಳು ಧಡಕ್ಕನೆ ಎದ್ದು ನಿಂತು, “ನ...ಮ...ಸ್ತೇ... ಸಾ...ರ್!” ಎಂದು ಒಂದೇ ಗಂಟಲಲ್ಲಿ ಕೂಗಬೇಕು. ಎಲ್ಲ ಶಾಲೆಗಳಲ್ಲೂ ಇದು ಇದೆ, ಆದರೆ ನಮ್ಮಲ್ಲಿಯದ್ದು ಬೋಟು ನಿಲ್ಲುವ ದಕ್ಕೆಯವರೆಗೂ ಕೇಳಿಸುತ್ತದೆ ಎಂದು ಸುತ್ತಲ ಮಾಸ್ತರರು ತಮಾಷೆ ಮಾಡುತ್ತಿದ್ದರು. ಇವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಆ ಜೂನಿನಲ್ಲಿ ತನ್ವಿ ಬಂದಳು. ಎಂಟು ವರ್ಷ, ಅಲ್ಲಿಯವರೆಗೆ ಶಾಲೆಯ ಮುಖ ಕಂಡವಳಲ್ಲ. ಅಪ್ಪ ವಾಸು ಬೋಟಿನಲ್ಲಿ ಮೀನು ಹಿಡಿಯುವವನು, ತಾಯಿ ಲಲಿತಾ ಒಣಮೀನಿನ ಕೆಲಸಕ್ಕೆ ಹೋಗುವವಳು. ಮಣಿಪಾಲದ ಆಸ್ಪತ್ರೆಯಲ್ಲಿ ತೋರಿಸಿ ಬಂದಿದ್ದರು, ಡಾಕ್ಟರು ಆಟಿಸಂ ಎಂದಿದ್ದರು. ಮನೆಯಲ್ಲಿ ಕೊಂಕಣಿ. ತನ್ವಿಯ ಬಾಯಿಂದ ನನಗೆ ಕೇಳಿಸಿದ್ದು ಒಂದೇ ಶಬ್ದ, “ನಕಾ”, ಎಂದರೆ ಬೇಡ. ಮುಖ ನೋಡುತ್ತಿರಲಿಲ್ಲ. ಬಂದ ಮೊದಲ ದಿನವೇ ಜಗಲಿಯಲ್ಲಿ ಬಿದ್ದಿದ್ದ ಮಕ್ಕಳ ಚಪ್ಪಲಿಗಳನ್ನೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿ, ಪಕ್ಕದಲ್ಲಿ ಕೂತು ಅವನ್ನೇ ನೋಡಿ ಮುಗುಳ್ನಕ್ಕಳು. ನಾನು ವರ್ಷಗಟ್ಟಲೆ ಹೇಳಿ ಸೋತ ಕೆಲಸ ಅದು. ಮನಸ್ಸಿನಲ್ಲೇ ಅವಳಿಗೆ ಒಂದು ಭೇಷ್ ಕೊಟ್ಟೆ.

ಆ ವಾರವೇ ಪುಸ್ತಕ ಹಂಚಲು ಯಾರೋ ಬಂದರು. ಮಕ್ಕಳು ಎದ್ದರು, ಕೂಗಿದರು. ನಾನು ಬಂದವರಿಗೆ ಕುರ್ಚಿ ಎಳೆಯುತ್ತಿದ್ದೆ. ತಿರುಗಿ ನೋಡಿದರೆ ತನ್ವಿ ಇಲ್ಲ. ಮರಳಿನ ಮೇಲೆ ಓಡಿ, ಸೊಂಟದವರೆಗೆ ನೀರಿಗೆ ಇಳಿದಿದ್ದಳು. ಬೋಟಿಗೆ ಮಳೆಗಾಲದ ರಜೆ ಇದ್ದುದರಿಂದ ದಡದಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಗಂಡಸರೊಬ್ಬರು ಹಾರಿ ಹಿಡಿದರು. ಅಳಿವೆಯ ಸೆಳೆತ ಗೊತ್ತಿದ್ದವರಿಗೆ ಆ ಕ್ಷಣ ಎಂಥದ್ದೆಂದು ಗೊತ್ತು.

ಮರುದಿನ ಶಾಲಾ ಕಮಿಟಿಯವರು ಕೂತರು. ಅಧ್ಯಕ್ಷರು ಬೋಟಿನ ಯಜಮಾನರು, ಸಾದಾ ಮನುಷ್ಯ.

“ಅಕ್ಕೋರೆ, ಈಗ ನಾವೆಲ್ಲ ದಡದಲ್ಲೇ ಇದ್ದೇವು, ಯಾರಾದ್ರೂ ಹಿಡೀಲಕ್ಕು. ನೂಲಹುಣ್ಣಿಮೆಗೆ ತೆಂಗಿನಕಾಯಿ ಬಿಟ್ಟು ಬೋಟು ಇಳಿಸ್ದ್ಮೇಲೆ ಇಲ್ಲಿ ಗಂಡಸ್ರು ಅಂದ್ರೆ ಮಾಸ್ತರ್ರು ಒಬ್ರೇ. ಅವ್ರಿಗೆ ಮೊಣಕಾಲು ನೋವು.”

“ಹಾಗಂತ ಶಾಲೆ ಬಿಡಿಸೂದಾ?” ಎಂದೆ.

“ಬಿಡ್ಸಿ ಅಂತ ನಾ ಹೇಳ್ಲಿಲ್ಲ. ನಮ್ಗೆ ಗೊತ್ತಿದ್ದದ್ದು ನಾವು ಮಾಡ್ತೇವು.”

ಅವರಿಗೆ ಗೊತ್ತಿದ್ದದ್ದು ಬಲೆ. ಒಂದು ಹಳೆಯ ಟ್ರಾಲ್ ಬಲೆಯನ್ನು ಹೊತ್ತು ತಂದು, ಜಗಲಿಯ ಈ ತುದಿಯಿಂದ ಆ ತುದಿಗೆ, ಕಂಬದಿಂದ ಕಂಬಕ್ಕೆ, ಮಾಡಿನ ಅಡ್ಡೆಯಿಂದ ನೆಲದವರೆಗೆ ಎಳೆದು ಕಟ್ಟಿದರು. ಎಷ್ಟು ಅಚ್ಚುಕಟ್ಟು ಎಂದರೆ ಬೈಯಲೂ ಬಾಯಿ ಬರಲಿಲ್ಲ. ಒಂದು ಕಂಬದ ಬುಡದಲ್ಲಿ ಮಾತ್ರ ಮೂಲೆ ಬಿಚ್ಚುವ ಹಾಗೆ ಗಂಟು. ಒಳಗೆ ಬರುವವರು, ಹೊರಗೆ ಹೋಗುವವರು ಆ ಮೂಲೆ ಎತ್ತಿ, ತಲೆ ಬಗ್ಗಿಸಿ ನುಸುಳಿ, ಮತ್ತೆ ಕಟ್ಟಬೇಕು. ಕೊನೆಯ ಗಂಟನ್ನು ವಾಸು ಹಾಕಿದ. ಮಗಳಿಗಾಗಿ ಕಟ್ಟಿದ ಗಂಟನ್ನು ಎರಡು ಸಲ ಜಗ್ಗಿ ನೋಡಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಕರಾರು ಇಷ್ಟೇ: ನೂಲಹುಣ್ಣಿಮೆಯವರೆಗೆ ಬಲೆ. ಆ ವರ್ಷ ಅದು ಆಗಸ್ಟ್ ಹದಿನೈದಕ್ಕಿಂತ ಮೊದಲೇ ಬಂದಿತ್ತು. “ಮಕ್ಕಳನ್ನ ಬಲೇಲಿ ಹಾಕಿಟ್ಟು ಸ್ವಾತಂತ್ರ್ಯೋತ್ಸವ ಮಾಡೂಕೆ ಆಗ್ತದಾ? ಪೇಪರ್‌ನವರು ಬಿಡ್ತಾರಾ?” ಎಂದರು ಗೋವಿಂದ ಮಾಸ್ತರರು. ಬಲೆ ತೆಗೆದ ಮೇಲೆ ತನ್ವಿ ಮತ್ತೆ ನೀರಿಗೆ ಓಡಿದರೆ ಶಾಲೆ ಬೇಡ, ಮನೆಯಲ್ಲೇ ಇರಲಿ. ಮನೆಯಲ್ಲೇ ಕಲಿಸುವ ಅವಕಾಶವೂ ಇಲಾಖೆಯಲ್ಲಿ ಉಂಟಲ್ಲ, ಎಂದೂ ಸೇರಿಸಿದರು.

ಮನೆಯಲ್ಲೇ ಇರುವುದೆಂದರೆ ಏನೆಂದು ಲಲಿತಾ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದಳು. ಒಂದೇ ಕೋಣೆ, ಒಂದು ಕಿಟಕಿ, ಹೊರಗಿನಿಂದ ಹಾಕುವ ಕಬ್ಬಿಣದ ಚಿಲಕ. ಗಂಡ ಕಡಲಿಗೆ ಹೋದರೆ, ಅವಳು ಮೀನು ಒಣಗಿಸಲು ಹೋದರೆ, ಮಗು ಅದರೊಳಗೆ. ಬಾಗಿಲ ಒಳಬದಿಯ ಬಣ್ಣ ಮಗುವಿನ ಕೈ ಎಟಕುವಷ್ಟು ಎತ್ತರಕ್ಕೆ ಎದ್ದುಹೋಗಿತ್ತು.

“ಶಾಲೆ ಇಲ್ಲ ಅಂದ್ರೆ ಮತ್ತೆ ಇದೇ ಚಿಲಕ ಅಕ್ಕೋರೆ. ನಂಗೆ ಬೇರೆ ದಾರಿ ಇಲ್ಲ. ನಾ ಕೆಲ್ಸಕ್ಕೆ ಹೋಗ್ದೇ ಇದ್ರೆ ಒಲೆ ಉರೀವದಿಲ್ಲ.”

ಅವಳು ಅಳಲಿಲ್ಲ, ನನಗೇ ಅಳು ಬಂತು. ಬಸ್ಸಿನಲ್ಲಿ ಬರುವಾಗ ನನ್ನ ಪರ್ಸಿನ ಆದೇಶದ ನೆನಪಾಯಿತು. ನಾನು ಹೋದರೆ ಈ ಹುಡುಗಿಗೆ ಚಿಲಕ, ಇದ್ದರೆ ನನಗೆ ಈ ಜಗಲಿ. ಅತ್ತ ದರಿ ಇತ್ತ ಪುಲಿ ಎಂದು ಮಕ್ಕಳಿಗೆ ಗಾದೆ ಬರೆಸುತ್ತಿದ್ದವಳು ನಾನೇ.

ಅಷ್ಟರಲ್ಲಿ ಕುಮಟಾದಲ್ಲಿ ತರಬೇತಿ ಬಂತು. ಆಟಿಸಂ ಇರುವ ಮಕ್ಕಳನ್ನು ಸಾಮಾನ್ಯ ಶಾಲೆಗಳಲ್ಲಿ ಸೇರಿಸಿಕೊಳ್ಳಲು ಶಿಕ್ಷಕರನ್ನು ತಯಾರು ಮಾಡುವ ತರಬೇತಿ. ಗೋವಿಂದ ಮಾಸ್ತರರು, “ನೀವು ಹೇಗೂ ವರ್ಗವಾಗಿ ಹೋಗೂವವರು, ಇದನ್ನೂ ನೀವೇ ಮುಗ್ಸಿ ಹೋಗಿ” ಎಂದರು.

ತರಬೇತಿ ಎಂದರೆ ನಮಗೆ ಗೊತ್ತಿರುವುದೇ. ಸೋರುವ ಸಭಾಂಗಣ, ಒದ್ದೆ ಕೊಡೆಗಳ ರಾಶಿ, ಉಪ್ಪಿಟ್ಟು, ಗೋಡೆಯ ಮೇಲೆ ಮಸುಕು ಚಿತ್ರಗಳು. ಪರದೆಯ ಮೇಲೆ ಆಟಿಸಂಗೆ ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಶಬ್ದ ಬಂತು, ಯಾರ ಬಾಯಲ್ಲೂ ನಿಲ್ಲಲಿಲ್ಲ. ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಮೊಟ್ಟೆ ಬೇಯಿಸುವುದು ನಾವು, ಮೊಬೈಲಿನಲ್ಲಿ ಹಾಜರಿ ತುಂಬುವುದು ನಾವು, ಈಗ ಡಾಕ್ಟರಿಕೆಯೂ ನಾವೇ ಮಾಡಬೇಕೋ ಎಂದು. ನಾನೂ ಗೊಣಗಿದೆ, ಸುಳ್ಳೇಕೆ ಹೇಳಲಿ. ಆದರೆ ತರಬೇತಿ ಕೊಡಲು ಬಂದ ಧಾರವಾಡದ ಹುಡುಗಿ ಗಟ್ಟಿಗಿತ್ತಿ. ನಾವು ಹೇಳುವುದನ್ನೆಲ್ಲ ಕೇಳಿಸಿಕೊಂಡಳು. ನಾನು ಎದ್ದು, ನಮ್ಮಲ್ಲಿ ಒಬ್ಬಳಿದ್ದಾಳೆ, ನೀರಿಗೆ ಓಡುತ್ತಾಳೆ ಎಂದೆ.

“ಓಡ್ತಾಳ ಅಂತ ಹೇಳಬ್ಯಾಡ್ರಿ ಟೀಚರ್. ಓಡೋಕಿಂತ ಮದ್ಲ ಏನಾತು, ಅದನ್ನ ಹೇಳ್ರಿ.”

“ಎಂತದೂ ಆಗ್ಲಿಲ್ಲ. ಸುಮ್ನೆ ಓಡಿದಳು.”

“ಸುಮ್ನ ಯಾರೂ ಓಡೂದಿಲ್ರಿ.”

ಆ ಮಾತನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ನನ್ನ ಪಕ್ಕ ಕೂತಿದ್ದವಳು ಭಟ್ಕಳದ ಉರ್ದು ಶಾಲೆಯ ನಫೀಸಾ, ಎಲ್ಲದಕ್ಕೂ ನಗುವ ಹೆಂಗಸು. “ನಮ್ಮಲ್ಲೊಬ್ಬ ಇದಾನೆ, ಇಡೀ ದಿನ ಫ್ಯಾನ್ ನೋಡ್ತಾನೆ. ಕರೆಂಟ್ ಹೋದ್ರೆ ಅಳ್ತಾನೆ. ತರಬೇತಿ ನಮಗಲ್ಲ, ಕರೆಂಟಿನೋರಿಗೆ ಕೊಡ್ಬೇಕು” ಎಂದಳು. ನಂಬರು ಬದಲಾಯಿಸಿಕೊಂಡೆವು.

ವಾಪಸು ಬಂದು ಬಲೆಯೊಳಗೆ ಕೂತೆ. ಜುಲೈ ಪೂರ್ತಿ ಮಳೆ. ಗಾಳಿಗೆ ಬಲೆ ಉಬ್ಬಿ ಒಳಗೆ ಬರುತ್ತಿತ್ತು, ಮತ್ತೆ ಹೊರಗೆ ಹೋಗುತ್ತಿತ್ತು. ಅದರ ಕಣ್ಣುಕಣ್ಣಿನಲ್ಲೂ ನೀರು. ಹಾಲಿನೊಳಗೆ ವಾಸನೆ, ಅನ್ನದ ಆವಿ, ಒದ್ದೆ ಯೂನಿಫಾರ್ಮು. ಮೊದಮೊದಲು ಮಕ್ಕಳಿಗೆ ಖುಷಿ. “ಅಕ್ಕೋರೆ, ನಾವೆಲ್ಲ ಬಂಗಡೆ ಮೀನು, ನೀವು ದೊಡ್ಡ ಇಸವಾಣ” ಎಂದು ನಗುತ್ತಿದ್ದರು. ಆಮೇಲೆ ಅವರ ನಗುವೂ ನಿಂತಿತು. ಬಿಡುವಿನಲ್ಲಿ ಬಲೆಗೆ ಮುಖ ಒತ್ತಿ, ಕೆನ್ನೆಯ ಮೇಲೆ ಚೌಕಳಿ ಗುರುತು ಮಾಡಿಕೊಂಡು ಹೊರಗೆ ನೋಡುತ್ತ ನಿಲ್ಲುತ್ತಿದ್ದರು. ನನಗೂ ಒಂದೊಂದು ಮಧ್ಯಾಹ್ನ ಉಸಿರು ಕಟ್ಟಿದ ಹಾಗಾಗಿ, ಮೂಲೆ ಎತ್ತಿ ಹೊರಗೆ ಹೋಗಿ ಮಳೆಯಲ್ಲೇ ನಿಂತು ಬರುತ್ತಿದ್ದೆ. ನೋಡಲು ಬಂದ ಇಲಾಖೆಯ ಒಬ್ಬ ಮಹಾನುಭಾವರು ಮಾತ್ರ, “ಸ್ಥಳೀಯ ಸಂಪನ್ಮೂಲದ ಒಳ್ಳೆಯ ಬಳಕೆ” ಎಂದು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋದರು.

ಅವರು ಒಳಗೆ ಬಂದಾಗಲೂ ತನ್ವಿ ಓಡಿ ಹೋಗಿ ಬಲೆಗೆ ಬಿದ್ದಿದ್ದಳು. ಎರಡೂ ಕೈಯ ಬೆರಳುಗಳನ್ನು ಬಲೆಯ ಕಣ್ಣುಗಳಲ್ಲಿ ಸಿಕ್ಕಿಸಿ, ಹಣೆ ಒತ್ತಿ ನಿಂತು “ನಕಾ ನಕಾ” ಎಂದು ಹೇಳುತ್ತಲೇ ಇದ್ದಳು. ಬಲೆ ಇಲ್ಲದಿದ್ದರೆ ಎಲ್ಲಿರುತ್ತಿದ್ದಳೋ ಎಂದು ಎಲ್ಲರೂ ಬಲೆಯನ್ನು ಹೊಗಳಿದರು.

ನಾನು ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಮಾಡಿ ನೋಡಿದೆ. ಚಿತ್ರದ ಕಾರ್ಡುಗಳು ಕೆಲಸಕ್ಕೆ ಬರಲಿಲ್ಲ. ಅದರಲ್ಲಿದ್ದ ಸೇಬು, ರೈಲು, ಜೋಕಾಲಿ ಅವಳಿಗೆ ಏನೂ ಅಲ್ಲ. ನಾನೇ ಕೂತು ಬೋಟು, ಚಪ್ಪಲಿ, ಗಂಜಿಯ ಬಟ್ಟಲು ಬರೆದೆ. ನನ್ನ ಬೋಟು ಕುಂಬಳಕಾಯಿಯ ಹಾಗಿತ್ತು, ಆದರೂ ಅವಳು ಅದನ್ನು ಬೆರಳಿನಿಂದ ಮುಟ್ಟಿದಳು. ಮಳೆಯ ಸದ್ದೇ ಕಾರಣವೇನೋ ಎಂದುಕೊಂಡೆ. ತಗಡು ಹಾರಿಹೋಗುವಂಥ ಮಳೆಯಲ್ಲೂ ಅವಳು ಚಪ್ಪಲಿ ಜೋಡಿಸುತ್ತ ಕೂತಿದ್ದಳು. ಮಗ್ಗಿ ಹೇಳಿಸುವುದು ಕಾರಣವೇ? ಅದೂ ಅಲ್ಲ. ಒಂದೇ ಲಯದಲ್ಲಿ ಮೊದಲಿಂದ ಕೊನೆಯವರೆಗೆ ಹೋಗುವ ಮಗ್ಗಿಗೆ ಅವಳು ತೂಗುತ್ತಿದ್ದಳು. ಮತ್ತೆ ಎಂತದು?

ಒಂದು ಭಾನುವಾರ ನಫೀಸಾ ಫೋನು ಮಾಡಿದಳು.

“ಕೇಳು, ನಮ್ಮ ಫ್ಯಾನ್ ಹುಡುಗ ನಿನ್ನೆ ಬೆಂಚಿನ ಕೆಳಗೆ ಹೋಗಿ ಕೂತ. ಯಾಕೆ ಗೊತ್ತಾ? ಹೆಡ್ ಮೇಡಂ ಬಂದ್ರು, ಮಕ್ಕಳೆಲ್ಲ ಎದ್ದು ಒಟ್ಟಿಗೆ ಸಲಾಂ ಕೂಗಿದ್ರು. ಅದು ಯಾವಾಗ ಬರ್ತದೆ ಅಂತ ಅವನಿಗೆ ಗೊತ್ತಿರೂದಿಲ್ಲ ನೋಡು. ಪಟಾಕಿ ಹೊಡೆದ ಹಾಗೆ.”

ನಾನು ಫೋನು ಹಿಡಿದುಕೊಂಡೇ ಮಂಚದ ಮೇಲೆ ಕೂತೆ. ಪುಸ್ತಕ ತಂದವರು, ನರ್ಸಮ್ಮ, ಗ್ಯಾಸಿನವನು, ಫೋಟೋ ಹಿಡಿದ ಮಹಾನುಭಾವರು. ಅವಳು ಓಡಿದ ದಿನಗಳೆಲ್ಲ ಒಂದೊಂದೇ ಕಣ್ಣೆದುರು ಬಂದವು. ಪ್ರತಿಯೊಂದರಲ್ಲೂ ಯಾರೋ ಒಬ್ಬರು ಹೊಸ್ತಿಲ ಮೇಲಿದ್ದರು.

ಸೋಮವಾರ ಬೆಳಿಗ್ಗೆಯೇ ಗೋವಿಂದ ಮಾಸ್ತರರಿಗೆ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ಮುಖ ಗಂಟಿಕ್ಕಿಕೊಂಡರು.

“ನಮಸ್ತೆ ಹೇಳೂದು ಎಂತ ತಪ್ಪಾ?”

“ತಪ್ಪಲ್ಲ ಸರ್. ಕೂಗೂದು ಬೇಡ. ಎದ್ದು ನಿಂತು ಕೈ ಮುಗಿದ್ರೆ ಸಾಕಲ್ದಾ?”

“ಒಬ್ಬಳಿಗೋಸ್ಕರ ಎಲ್ಲ ಮಕ್ಕಳಿಗೆ ಮರ್ಯಾದೆ ಮರೆಸೂದಾ? ಬಂದವ್ರು ಎಂತ ತಿಳೀತಾರೆ? ಗೋವಿಂದ ಮಾಸ್ತರನ ಮಕ್ಕಳಿಗೆ ಬಾಯಿ ಸತ್ತು ಹೋತು ಅಂತಾರೆ.”

“ಬಲೆ ತೆಗೆದ ಮೇಲೆ ಅವಳು ಓಡಿದ್ರೆ?”

“ಅದ್ಕೇ ಹೇಳೂದು, ಮನೇಲೇ ಕಲೀಲಿ ಅಂತ. ಅವಳ ಜೀವಕ್ಕೂ ಅದೇ ಒಳ್ಳೇದು.”

ಅವರು ಕೆಟ್ಟ ಮನುಷ್ಯರಲ್ಲ. ದಿನವೂ ತನ್ವಿಯ ಚಪ್ಪಲಿ ಸಾಲಿನ ಕೊನೆಯಲ್ಲಿ ಒಂದು ಪೆಪ್ಪರಮಿಂಟು ಇಟ್ಟು, ಅವಳು ತೆಗೆದುಕೊಳ್ಳುವವರೆಗೆ ದೂರದಲ್ಲಿ ನಿಂತು ಕಾಯುತ್ತಿದ್ದವರು. ಆದರೆ ಆ ನಮಸ್ತೆ ಅವರ ಇಡೀ ನೌಕರಿ. ಕೋಣನ ಮುಂದೆ ಕಿನ್ನರಿ ಬಾರಿಸಿದೆನೆಂದು ನಾನು ಸಿಟ್ಟಿನಲ್ಲಿ ಅಂದುಕೊಂಡೆ. ಎರಡು ದಿನ ಮಾತು ಬಿಟ್ಟೆ. ಒಂದೇ ಹಾಲಿನಲ್ಲಿ, ಬಲೆಯೊಳಗೆ, ಮಾತು ಬಿಟ್ಟು ಇಬ್ಬರು ಕೂತಿರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು.

ನೂಲಹುಣ್ಣಿಮೆ ಬಂತು. ತೆಂಗಿನಕಾಯಿಗಳು ಕಡಲಿಗೆ ಹೋದವು, ಬೋಟುಗಳೂ ಹೋದವು. ವಾಸು ಹೊರಡುವ ದಿನ ಬೆಳಿಗ್ಗೆ, ಮಕ್ಕಳೆಲ್ಲ ಒಳಗೆ ಬಂದ ಮೇಲೆ ಬಲೆ ಬಿಚ್ಚಿದ. ಸುತ್ತಿ ಹೆಗಲಿಗೆ ಹಾಕಿಕೊಂಡು, “ಅಕ್ಕೋರೆ, ಇನ್ನು ನಿಮ್ಮ ಕೈಲಿ” ಎಂದ. ಜಗಲಿ ಬೆಳಕಾಯಿತು, ನನ್ನ ಹೆದರಿಕೆ ಮಾತ್ರ ಹೆಚ್ಚಿತು. ಏಕೆಂದರೆ ಅದೇ ದಿನ ಸುತ್ತಲ ಶಾಲೆಗಳ ಮಾಸ್ತರರು, ಅಕ್ಕೋರುಗಳು ಸೇರುವ ತಿಂಗಳ ಸಭೆ ನಮ್ಮ ಶಾಲೆಯಲ್ಲೇ ಇತ್ತು. ಕುಮಟಾದಲ್ಲಿ ಕಲಿತದ್ದನ್ನು ನಾನು ಅವರಿಗೆಲ್ಲ ಹೇಳಿಕೊಡಬೇಕಿತ್ತು. ಜೊತೆಗೆ ತಾಲ್ಲೂಕಿನ ಅಧಿಕಾರಿಯೂ ಬರುವವರಿದ್ದರು.

“ಸರ್, ಇವತ್ತೊಂದು ದಿವ್ಸ ಕೂಗೂದು ಬೇಡ” ಎಂದು ಬೇಡಿಕೊಂಡೆ.

“ಇವತ್ತೇ ಬೇಡ್ವಾ? ಎಲ್ಲ ಶಾಲೆಯವ್ರು ಬರೂ ದಿವ್ಸವೇ?” ಎಂದರು ಅವರು. ಆದರೆ ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ. ಮಕ್ಕಳಿಗೆ ಏನು ಹೇಳಿದರೋ, ಹೇಳದೆ ಬಿಟ್ಟರೋ ನನಗೆ ತಿಳಿಯಲಿಲ್ಲ.

ಮಳೆಯಲ್ಲಿ ಎಲ್ಲರೂ ಒಟ್ಟಿಗೇ ಬಂದರು, ಮುಂದೆ ಅಧಿಕಾರಿ. ಮಕ್ಕಳು ಎದ್ದರು. ಗೋವಿಂದ ಮಾಸ್ತರರ ಮುಖ ನೋಡಿದರು. ಅವರು ಸುಮ್ಮನಿದ್ದರು. ಅರ್ಧ ಮಕ್ಕಳು ಕೈ ಮುಗಿದರು, ಅರ್ಧ ಮಕ್ಕಳು ಬಾಯಿ ತೆರೆದು ಹಾಗೇ ನಿಂತರು. ಒಂದು ಕ್ಷಣ ನನಗೆ ಜೀವ ಬಂತು. ಆಗ ಅಧಿಕಾರಿ, ಎಲ್ಲ ಅಧಿಕಾರಿಗಳೂ ಮಾಡುವಂತೆಯೇ, ಕಿವಿಗೆ ಕೈ ಇಟ್ಟುಕೊಂಡು ಪ್ರೀತಿಯಿಂದ ಕೇಳಿದರು.

“ಏನು ಮಕ್ಕಳೇ, ತಿಂಡಿ ತಿಂದಿಲ್ವಾ? ಎಲ್ಲಿ, ಜೋರಾಗಿ!”

ಅಷ್ಟು ಸಾಕಾಯಿತು. ಅದುಮಿಟ್ಟಿದ್ದೆಲ್ಲ ಸೇರಿ ಮಾಡು ನಡುಗಿತು. ತನ್ವಿ ಎದ್ದು ಓಡಿದಳು. ನಾನು ಹಾಲಿನ ಆ ತುದಿಯಲ್ಲಿ, ಕರಿಹಲಗೆಯ ಹತ್ತಿರ. ನಡುವೆ ಬಂದ ಜನ, ಕೊಡೆಗಳು, ಕುರ್ಚಿಗಳು. ದಡದಲ್ಲಿ ಒಬ್ಬ ಗಂಡಸಿಲ್ಲ. ಕುರ್ಚಿಗಳನ್ನು ತಳ್ಳಿಕೊಂಡು ಹೊರಟೆ.

ಜಗಲಿಯ ಅಂಚಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

ಎದುರಿಗೆ ಏನೂ ಇರಲಿಲ್ಲ. ಮರಳು, ಮಳೆ, ನೀರು. ಅವಳು ಎರಡೂ ಕೈ ಎತ್ತಿ, ಬೆರಳುಗಳನ್ನು ಗಾಳಿಯಲ್ಲಿ ಸಿಕ್ಕಿಸಿ, ಹಣೆ ಮುಂದೆ ಚಾಚಿ ನಿಂತಿದ್ದಳು. ಬಲೆ ಇದ್ದಾಗ ನಿಲ್ಲುತ್ತಿದ್ದ ಹಾಗೆಯೇ. ಮೈ ಗಡಗಡ ನಡುಗುತ್ತಿತ್ತು. “ನಕಾ ನಕಾ ನಕಾ” ಎನ್ನುತ್ತಿದ್ದಳು.

“ನೋಡಿ! ನಿಂತಳಲ್ಲ! ಎಷ್ಟು ಚೆನ್ನಾಗಿ ಅಭ್ಯಾಸ ಮಾಡಿಸಿದ್ದೀರಿ ಟೀಚರ್” ಎಂದರು ಅಧಿಕಾರಿ, ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ತನ್ವಿ ಕಿವಿ ಮುಚ್ಚಿ ಅಲ್ಲೇ ಕುಕ್ಕರಿಸಿದಳು. ತಟ್ಟದೆ ಇದ್ದವರು ಗೋವಿಂದ ಮಾಸ್ತರರೊಬ್ಬರೇ. ಅವರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಅಧಿಕಾರಿಯ ಎದುರು ಅವರು ಹಾಗೆ ಕೈ ಎತ್ತಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾನು ಹೋಗಿ ತನ್ವಿಯ ಪಕ್ಕ ಕೂತೆ. ಮುಟ್ಟಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಬಂದವರ ಚಪ್ಪಲಿಗಳ ಕಡೆ ತಿರುಗಿ ಜೋಡಿಸತೊಡಗಿದಳು.

ಮಧ್ಯಾಹ್ನ ಸಭೆಯಲ್ಲಿ ನನ್ನ ಸರದಿ ಬಂತು. ಕುಮಟಾದಿಂದ ತಂದ ಚಿತ್ರಗಳು, ವ್ಯಾಖ್ಯೆಗಳು ಎಲ್ಲ ತಯಾರಿದ್ದವು. ಯಾವುದನ್ನೂ ತೆರೆಯಲು ಮನಸ್ಸಾಗಲಿಲ್ಲ.

“ಬೆಳಿಗ್ಗೆ ನೀವೆಲ್ಲ ನೋಡಿದ್ರಿ. ಅವಳು ಓಡೂಕಿಂತ ಮೊದಲು ಎಂತ ಆತು?” ಎಂದು ಕೇಳಿದೆ.

ಹಸಿವಾಗಿರಬೇಕು ಎಂದರು ಒಬ್ಬರು. ಮಳೆಗೆ ಹೆದರಿರಬೇಕು ಎಂದರು ಇನ್ನೊಬ್ಬರು. ನೀರು ಕಂಡರೆ ಅಂಥ ಮಕ್ಕಳಿಗೆ ಹಾಗೇ ಎಂದು ಮತ್ತೊಬ್ಬರು. ಎಂತದೂ ಆಗಲಿಲ್ಲ, ಸುಮ್ಮನೆ ಓಡಿದಳು ಎಂದೂ ಒಂದು ದನಿ ಬಂತು. ಅದು ಕುಮಟಾದಲ್ಲಿ ನಾನು ಆಡಿದ್ದ ಮಾತೇ.

ಹಿಂದಿನ ಬೆಂಚಿನಿಂದ ಗೋವಿಂದ ಮಾಸ್ತರರು ಎದ್ದರು. ಮೊಣಕಾಲು ಹಿಡಿದುಕೊಂಡು ನಿಧಾನ ಎದ್ದರು.

“ನಾವು ಬಂದ್ವಿ” ಎಂದರು. “ಅದೇ ಆದದ್ದು. ನಾವು ಬಂದ್ವಿ, ನಮಸ್ತೆ ಕೂಗ್ಸಿದ್ವಿ.”

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ನಮ್ಮಲ್ಲೊಬ್ಬ ಗಂಟೆ ಬಾರಿಸಿದರೆ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ, ಹೊಡೆದಿದ್ದೇನೆ ಎಂದರು ಒಬ್ಬ ಅಕ್ಕೋರು. ಸೊಕ್ಕು ಎಂದುಕೊಂಡಿದ್ದೆ ಎಂದರು ಇನ್ನೊಬ್ಬರು. ಹೊರಡುವಾಗ ಅಧಿಕಾರಿ, “ಈ ಮಗು ವಿಷಯ ಏನು ಬರೆಯೋಣ? ಓಡುತ್ತಾಳೆ ಅಂತಲೇ?” ಎಂದು ಗೋವಿಂದ ಮಾಸ್ತರರನ್ನು ಕೇಳಿದರು.

“ಓಡ್ಲಿಲ್ಲ ಸರ್. ನಿಂತಳು. ಶಾಲೇಲೇ ಇರ್ತಾಳೆ.”

ಮರುದಿನದಿಂದ ನಮ್ಮ ಶಾಲೆಯಲ್ಲಿ ಯಾರು ಬಂದರೂ ಮಕ್ಕಳು ಎದ್ದು ನಿಂತು ಕೈ ಮುಗಿಯುತ್ತಿದ್ದರು, ಅಷ್ಟೇ. ಕಲಿಸಿದವರು ಗೋವಿಂದ ಮಾಸ್ತರರೇ. ಅದನ್ನೂ ಅವರು ಕವಾಯತಿನಂತೆ ಕಲಿಸಿದರು ಅನ್ನಿ, ಹುಟ್ಟುಗುಣ. ತನ್ವಿ ಮತ್ತೆ ಓಡಲಿಲ್ಲ. ಲಲಿತಾಳ ಮನೆಯ ಚಿಲಕ ಹಾಗೇ ತುಕ್ಕು ಹಿಡಿಯಿತು. ಚಳಿಗಾಲಕ್ಕೆ ನನ್ನ ಜಾಗಕ್ಕೆ ಒಬ್ಬರು ಬಂದರು, ನಾನು ಹೊರಟೆ. ಗೆದ್ದೆವು ಎಂದು ಹೇಳಬಹುದು. ಬಲೆಯ ವಾಸನೆ ಬಂದರೆ ನನಗೆ ಹಾಗನ್ನಿಸುವುದಿಲ್ಲ. ಆ ಸಭೆಯ ದಿನದ ಸಂಜೆಯೇ ಕಣ್ಣಮುಂದೆ ಬರುತ್ತದೆ.

ಎಲ್ಲರೂ ಹೋಗಿದ್ದರು. ಮಕ್ಕಳೂ ಹೋಗಿದ್ದರು. ತನ್ವಿ ಚೀಲ ಬೆನ್ನಿಗೆ ಹಾಕಿಕೊಂಡು ಜಗಲಿಯ ಅಂಚಿನಲ್ಲಿ ನಿಂತಿದ್ದಳು. ಲಲಿತಾ ಕೊಡೆ ಹಿಡಿದು ಅಂಗಳಕ್ಕೆ ಬಂದು, “ಯೋ ಬಾಯ್” ಎಂದು ಕರೆದಳು. ಮಗು ಕದಲಲಿಲ್ಲ. ಮತ್ತೆ ಕರೆದಳು. ತನ್ವಿ ತಾಯಿಯ ಕಡೆ ನೋಡಿದಳು, ಕಾಲು ಮಾತ್ರ ಎತ್ತಲಿಲ್ಲ.

“ಬಾ ಮಗಾ, ಬಲೆ ಇಲ್ಲ ನೋಡು” ಎಂದು ಗೋವಿಂದ ಮಾಸ್ತರರು ಅವಳೆದುರು ಗಾಳಿಯಲ್ಲಿ ಕೈ ಆಡಿಸಿ ತೋರಿಸಿದರು. ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಅವರ ಕೈ ಅಲ್ಲೇ ನಿಂತಿತು.

ಲಲಿತಾ ಮಗಳನ್ನು ನೋಡಿದಳು, ಕಂಬವನ್ನು ನೋಡಿದಳು. ಕೊಡೆಯನ್ನು ನೆಲಕ್ಕಿಟ್ಟು ಕಂಬದ ಬುಡಕ್ಕೆ ಬಂದು ಬಗ್ಗಿದಳು. ಅಲ್ಲಿ ಇಲ್ಲದ ಗಂಟನ್ನು ಬಿಚ್ಚಿದಳು. ಇಲ್ಲದ ಮೂಲೆಯನ್ನು ಹಿಡಿದು, ದಿನವೂ ಎತ್ತುತ್ತಿದ್ದಷ್ಟೇ ಎತ್ತರಕ್ಕೆ ಎತ್ತಿ ಹಿಡಿದಳು. ತನ್ವಿ ತಲೆ ಬಗ್ಗಿಸಿ, ಅವಳ ಕೈಯಡಿಯಿಂದ ನುಸುಳಿ ಮಳೆಗೆ ಬಂದಳು.

ಲಲಿತಾ ಕೈ ಇಳಿಸಲಿಲ್ಲ. ಹಾಗೇ ಎತ್ತಿ ಹಿಡಿದುಕೊಂಡು ನಮ್ಮನ್ನು ನೋಡಿದಳು. “ನೀವೂ ಬನ್ನಿ ಅಕ್ಕೋರೆ. ಅವಳು ನೋಡ್ತಾ ಇದ್ದಾಳೆ.”

ಗೋವಿಂದ ಮಾಸ್ತರರು ಮೊಣಕಾಲು ಹಿಡಿದುಕೊಂಡು ಬಗ್ಗಿ ದಾಟಿದರು. ಅವರ ಹಿಂದೆ ನಾನೂ ಬಗ್ಗಿದೆ. ಬಲೆ ಇರಲಿಲ್ಲ. ಬಗ್ಗಿದಾಗ ಆ ವಾಸನೆ ಮಾತ್ರ ಬಂತು.